ಕೇರಂ ಪುಡಿಯೂ ಜ್ವಾಲಾಮುಖಿಯೂ

ಕೈ ತೊಳೆಯದೆ ಊಟಕ್ಕೆ ಕೂತವನನ್ನು ಬೈಯಲು ಎಲ್ಲರೂ ಇದ್ದಾರೆ. ಊಟ ಮಾಡಿ, ಕೈ ತೊಳೆದು, ಆಮೇಲೆ ಕೇರಂ ಆಡಿದವನಿಗೆ ಯಾರೂ ಏನೂ ಹೇಳುವುದಿಲ್ಲ. ನನ್ನ ಕಷ್ಟ ಶುರುವಾದದ್ದು ಅಲ್ಲಿಂದ.

ಎಂಬತ್ತರ ದಶಕದಲ್ಲಿ ನಾನು ಜೆ.ಪಿ. ನಗರದ ಒಂದು ಸಣ್ಣ ಪ್ರಯೋಗಾಲಯದಲ್ಲಿದ್ದೆ. ಅಂಡಮಾನ್ ಕಡೆಯ ಜ್ವಾಲಾಮುಖಿಯ ಕಲ್ಲಿನಲ್ಲಿ ಬೋರಾನ್ ಎಂಬ ಧಾತು ಎಷ್ಟಿದೆ ಎಂದು ನೋಡುವುದು ನನ್ನ ಕೆಲಸ. ಸಮುದ್ರದ ತಳ ನೆಲದಡಿಗೆ ಜಾರಿ ಇಳಿಯುವಾಗ ಬೋರಾನನ್ನೂ ಒಯ್ಯುತ್ತದೆ. ಆಳದ ಬಿಸಿಗೆ ಅದು ನೀರಿನೊಂದಿಗೆ ಹೊರಟು, ಶಿಲಾರಸ ಸೇರಿ, ಜ್ವಾಲಾಮುಖಿಯಲ್ಲಿ ಮೇಲೆ ಬರುತ್ತದೆ. ಕಲ್ಲಿನಲ್ಲಿ ಬೋರಾನ್ ಹೆಚ್ಚಿದ್ದರೆ ಸಮುದ್ರ ಒಳಗೆ ಹೋಗಿತ್ತೆಂದು ಅರ್ಥ. ಪ್ರಯೋಗಾಲಯದ ಗಾಜಿನಲ್ಲೂ ಬೋರಾನ್ ಇರುವುದರಿಂದ, ಅದು ಕಲ್ಲಿಗೆ ಬೆರೆಯದಿರಲೆಂದು ನಮ್ಮ ಮುಖ್ಯಸ್ಥರಾದ ನರಹರಿಯವರು ಗಾಜಿನ ಪಾತ್ರೆಗಳನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದಿದ್ದರು. ಕಲ್ಲನ್ನು ಪುಡಿಮಾಡಿ, ಕರಗಿಸಿ, ಅರಿಸಿನದಿಂದ ತೆಗೆದ ಬಣ್ಣ ಬೆರೆಸಿದರೆ, ಬೋರಾನ್ ಇದ್ದಷ್ಟೂ ಕೆಂಪಾಗುತ್ತದೆ. ನನ್ನದು ಕುಂಕುಮದ ಹಾಗೆ ಕೆಂಪಾಯಿತು.

"ಫಸ್ಟ್ ಕ್ಲಾಸ್ ಕಣಯ್ಯಾ! ಇಡೀ ಸಮುದ್ರಾನೇ ನುಂಗಿದೆ!" ಎಂದರು ನರಹರಿಯವರು. ಸೋಮವಾರ ಹೊರಗಿನ ವಿದ್ವಾಂಸರ ಮುಂದೆ ಅವರೇ ಅದನ್ನು ಓದುವುದೆಂದಾಯಿತು.

ಭಾನುವಾರ ಬೆಳಿಗ್ಗೆ ಚಿಕ್ಕಲಸಂದ್ರದ ಮನೆಯಲ್ಲಿ ಹೆಂಡತಿ ಜಿರಳೆಗೆಂದು ಒಲೆಯ ಹಿಂದೆ ಬಿಳಿ ಪುಡಿ ಉದುರಿಸುತ್ತಿದ್ದಳು. ಏನದು ಎಂದೆ.

"ಬೋರಿಕ್ ಪೌಡರ್ ಕಣ್ರೀ. ನೀವು ಆಫೀಸಲ್ಲಿ ಕೇರಂ ಬೋರ್ಡಿಗೆ ಹಾಕಲ್ವಾ, ಅದೇ. ದಿನಾ ಅಂಗಿ ತೋಳಿಗೆಲ್ಲ ಮೆತ್ಕೊಂಡ್ ಬರ್ತೀರಲ್ಲ!"

ಬೋರಿಕ್ ಪುಡಿಯಲ್ಲಿ ಬೋರಾನ್ ಇದೆಯೆಂದು ರಸಾಯನಶಾಸ್ತ್ರ ಓದಿದ ನನಗೆ ಗೊತ್ತಿತ್ತು. ಕೇರಂ ಆಡುವ ನನಗೆ ಗೊತ್ತಿರಲಿಲ್ಲ. ಊಟದ ವಿರಾಮದಲ್ಲಿ ಆಡಿ ಎದ್ದವನು ಅದೇ ಕೈಯನ್ನು ಕಲ್ಲಿನ ಪುಡಿಗೆ ಹಾಕುತ್ತಿದ್ದೆ. ಸೈಕಲ್ ತುಳಿದು ಬನಶಂಕರಿಯಲ್ಲಿದ್ದ ನರಹರಿಯವರ ಮನೆಗೆ ಹೋದೆ. ಅವರು ಬನಿಯನ್ ತೊಟ್ಟು, ಕನ್ನಡಿಯ ಮುಂದೆ ಭಾಷಣ ಒಪ್ಪಿಸುತ್ತಿದ್ದರು.

"ಸಾರ್, ಅದು ಸಮುದ್ರ ಅಲ್ಲ. ಕೇರಂ ಪುಡಿ."

ವಿಷಯ ತಿಳಿದು ಅವರು ಕನ್ನಡಕ ತೆಗೆದರು. "ಬುದ್ಧಿ ಬೇಡ್ವೇನಯ್ಯಾ? ಕೈ ತೊಳ್ಕೊಳೋಕೂ ಬಿಡ್ದೆ ನಿನ್ನ ಯಾರು ಓಡಿಸ್ತಿದ್ರು?"

"ನೀವೇ ಸಾರ್. ಕೇರಂನಲ್ಲಿ ರೆಡ್ ಕಾಯಿ ಬಿಟ್ಟೆ ಅಂತ, 'ನೀನು ಎದ್ದು ಕಲ್ಲು ನೋಡ್ಕೋ ಹೋಗು' ಅಂದ್ರಿ. ನಾನು ನಿಮ್ಮ ಪಾರ್ಟ್ನರ್."

ಒಳಗಿನಿಂದ ಅವರ ಹೆಂಡತಿ ನಕ್ಕದ್ದು ಕೇಳಿಸಿತು.

ಸೋಮವಾರ ನರಹರಿಯವರು ಕೆಲಸ ಇನ್ನೂ ನಡೆಯುತ್ತಿದೆ ಎಂದಷ್ಟೇ ಹೇಳಿ ಕುಳಿತರು. ಕೈ ತೊಳೆದು ಮತ್ತೆ ಮಾಡಿದಾಗ ಬಣ್ಣ ತೆಳುವಾಗಿ ಬಂತು. ಸಮುದ್ರ ಇತ್ತು, ಸ್ವಲ್ಪವೇ ಇತ್ತು. ಬೋರಾನ್ ಪರೀಕ್ಷೆ ಮಾಡುವವರು ಕೇರಂ ಆಡಕೂಡದೆಂದು ನಿಯಮವಾಯಿತು. ಅಂಥವನು ಇದ್ದದ್ದು ನಾನೊಬ್ಬನೇ. ಕೇರಂ ಬೋರ್ಡಿನ ಮುಂದೆ ನನ್ನ ಜಾಗಕ್ಕೆ ಗುಮಾಸ್ತ ರಂಗಪ್ಪ ಬಂದ ಮೇಲೆ ನರಹರಿಯವರು ಸೋತದ್ದನ್ನು ನಾನು ಕಂಡಿಲ್ಲ. ರಸಾಯನಶಾಸ್ತ್ರದಲ್ಲಿ ಇದನ್ನು ಕಲಬೆರಕೆ ತೆಗೆಯುವುದು ಎನ್ನುತ್ತಾರೆ.