ಅಣುಮಟ್ಟದ ವ್ಯಾಯಾಮ ತಪಾಸಣೆ

ನಮ್ಮ ಕಚೇರಿಯ ಸಮಸ್ತ ಸಿಬ್ಬಂದಿಯೂ ಅಣುಮಟ್ಟದಲ್ಲಿ ಆರೋಗ್ಯವಂತರಾಗಿರತಕ್ಕದ್ದು ಎಂಬ ಸುತ್ತೋಲೆ ಸೋಮವಾರ ಹನ್ನೊಂದು ಗಂಟೆಗೆ ಹೊರಟಿತು. ಸ್ನಾಯು ದುಡಿದಾಗ ರಕ್ತಕ್ಕೆ ಕೆಲವು ಅಣುಗಳನ್ನು ಬಿಡುತ್ತದೆ, ಅವು ಯಕೃತ್ತಿಗೂ ಮೆದುಳಿಗೂ ಸುದ್ದಿ ಮುಟ್ಟಿಸಿ ಇಡೀ ಮೈಯನ್ನು ಚುರುಕಾಗಿಸುತ್ತವೆ ಎಂದು ಅದರಲ್ಲಿ ವಿವರಿಸಲಾಗಿತ್ತು. ಆದಕಾರಣ ದಿನಾ ವಾಕಿಂಗ್ ಹೋಗ್ತೀನಿ ಅಂತ ಬಾಯಲ್ಲಿ ಹೇಳಿದರೆ ಸಾಲದು. ಸದರಿ ಅಣುಗಳು ರಕ್ತದಲ್ಲಿ ಖುದ್ದು ಹಾಜರಿರಬೇಕು. ಹಾಜರಿದ್ದವರಿಗೆ ಬಡ್ತಿ, ಹಂಗಾಮಿ ನೌಕರರಿಗೆ ಕಾಯಂ.

ಹಂಗಾಮಿ ಅಂತ ಇದ್ದವನು ಜವಾನ ಒಬ್ಬನೇ, ಅದೂ ಹತ್ತೊಂಬತ್ತು ವರ್ಷದಿಂದ. ಲಿಫ್ಟು ಕಾಯಂ ನೌಕರರಿಗೆ ಮಾತ್ರವಾದ್ದರಿಂದ ಕಡತ ಹೊತ್ತು ದಿನಕ್ಕೆ ಇಪ್ಪತ್ತು ಸಲ ಐದು ಮಹಡಿ ಹತ್ತಿಳಿಯುತ್ತಾನೆ. "ಈ ಸಲ ಆಗೇಬಿಡುತ್ತೆ ಸಾರ್, ಮನೆಯವಳಿಗೂ ಹೇಳ್ಬಿಟ್ಟಿದೀನಿ," ಎಂದ. ಅವನ ಮುಖ ನೋಡಿ ನನಗೂ ಖುಷಿಯಾಯಿತು.

ಅಳುಕು ಹುಟ್ಟಿದ್ದು ಗುಮಾಸ್ತನಾದ ನಾನೂ ಸೇರಿ ಉಳಿದ ನಲವತ್ತೊಂದು ಮಂದಿಗೆ. "ರೀ, ನಾನು ಕುರ್ಚಿಯಿಂದ ಎದ್ದು ಯಾವ ಕಾಲವಾಯ್ತು!" ಎಂದರು ಸಾಹೇಬರು. ಮೇಲಿನವರ ಕೆಲಸವನ್ನು ಕೆಳಗಿನವರು ಮಾಡಿಕೊಡುವ ನಮ್ಮ ಕಚೇರಿಯ ಪದ್ಧತಿಯಂತೆ ಎಲ್ಲರ ರಕ್ತವನ್ನೂ ಜವಾನನೇ ಕೊಟ್ಟ. ಶೀಷೆಗೆ ಚೀಟಿ ಅಂಟಿಸುವ ಕೆಲಸ ನನ್ನದು. ಮೊದಲ ಚೀಟಿ ಸಾಹೇಬರದು, ಎರಡನೆಯದು ನನ್ನದು. ಹುದ್ದೆಯಲ್ಲಿ ಎಲ್ಲರಿಗಿಂತ ಕೆಳಗಿನವನಾದ್ದರಿಂದ ಜವಾನನ ಸ್ವಂತ ಶೀಷೆ ಕಟ್ಟಕಡೆಗೆ.

ಪ್ರಯೋಗಾಲಯದ ವರದಿ ಬಂತು. ನಲವತ್ತೊಂದು ಮಂದಿಯ ರಕ್ತವೂ ಓಟಗಾರರ ರಕ್ತಕ್ಕೆ ಸಮ! ಬಡ್ತಿ ಆದೇಶ ಅಂದೇ ಹೊರಟಿತು. ವರದಿಯ ಕೊನೆಯಲ್ಲಿ ಒಂದು ಷರಾ ಮಾತ್ರ ಇತ್ತು: ನಲವತ್ತೆರಡನೆಯ ರಕ್ತವು ಮೇಲ್ಕಂಡ ನಲವತ್ತೊಂದರ ಯಥಾಪ್ರತಿ.

ಕೂಡಲೇ ವಿಚಾರಣಾ ಸಮಿತಿ ಕೂತಿತು. "ನಲವತ್ತೊಂದು ಜನ ಸೇರಿ ಒಬ್ಬನ ರಕ್ತ ನಕಲು ಮಾಡೋಕಾಗುತ್ತೇನ್ರೀ?" ಎಂದರು ಸಾಹೇಬರು. ಆಗುವುದಿಲ್ಲವೆಂದು ಒಮ್ಮತದಿಂದ ತೀರ್ಮಾನವಾಯಿತು. ಮೇಲಿನವರ ರಕ್ತವನ್ನು ಪೂರ್ವಾನುಮತಿಯಿಲ್ಲದೆ ಮೈಯಲ್ಲಿ ಇಟ್ಟುಕೊಂಡ ಆರೋಪದ ಮೇಲೆ ಜವಾನನನ್ನು ಕಾಯಂ ಮಾಡುವ ಪ್ರಸ್ತಾವ ರದ್ದಾಯಿತು. ಟಿಪ್ಪಣಿ ಬರೆದವನು ನಾನೇ. ಪಾಪ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೂ ಅಕ್ಷರ ದುಂಡಗೇ ಬಂದವು.

ಜವಾನ ಆದೇಶವನ್ನು ಎರಡು ಸಲ ಓದಿದ. ಈಗ ನನ್ನ ಜನ್ಮ ಜಾಲಾಡುತ್ತಾನೆ ಅಂದುಕೊಂಡೆ.

"ಸಮಿತಿಯವರು ಹೇಳೋದೂ ಸರಿನೇ ಸಾರ್," ಎಂದ, ಕಣ್ಣೊರೆಸಿಕೊಂಡು. "ಅಷ್ಟು ದೊಡ್ಡವರ ರಕ್ತ ನನ್ನ ಮೈಗೆ ಯಾವಾಗ ಬಂತೋ, ನನಗೇ ಗೊತ್ತಾಗ್ಲಿಲ್ಲ. ಕ್ಷಮಾಪಣೆಗೆ ಎಲ್ಲಿ ಸಹಿ ಹಾಕ್ಲಿ?"

ಜಾಗ ತೋರಿಸಿದೆ.