ಕಾಕಾ ಕೋಚ್ ಆದ ಟ್ರಯಥ್ಲಾನು

ನಮ್ಮ ಕಾಕಾನಿಗೆ ಒಂದು ರೂಢಿ. ಏನೇ ಕೈಗೆ ಸಿಕ್ಕರೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಅಮರಗೋಳದ ಮಾರುಕಟ್ಟೆಯಲ್ಲಿ ಅವರದು ಮೆಣಸಿನಕಾಯಿ ವ್ಯಾಪಾರ. ಕಾಯಿ ಚೆನ್ನಾಗಿ ಒಣಗಿದ್ದರೆ ಒಳಗಿನ ಬೀಜ ಗಲಗಲ ಅನ್ನುತ್ತದೆ, ಹಸಿ ಇದ್ದರೆ ಸುಮ್ಮನಿರುತ್ತದೆ. ಅಲ್ಲಿಗೆ ಅದು ಸರಿ. ಆದರೆ ಕಾಕಾ ಬಿಸ್ಕೀಟಿನ ಪುಡಕಿ, ಹೊಸ ಚಪ್ಪಲಿ, ಮದುವೆಯ ಕಾರ್ಡು ಎಲ್ಲವನ್ನೂ ಅಲ್ಲಾಡಿಸಿಯೇ ಒಳಗೆ ತರುತ್ತಾರೆ. ಇಂಥವರು ಇರುವ ಮನೆಯಲ್ಲಿ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂಡುತ್ತವೆ.

ಹಸಿ ಕಾಯಿ

ಈಜು, ಸೈಕಲ್ಲು, ಓಟ, ಮೂರನ್ನೂ ಒಂದರ ಹಿಂದೊಂದು ಮಾಡುವುದು ಟ್ರಯಥ್ಲಾನು. ಸಣ್ಣದೊಂದನ್ನು ಹೇಗೋ ಮುಗಿಸಿದ್ದೆ. ಅದರ ಎರಡು ಪಟ್ಟು ದೂರದ್ದು ನಮ್ಮ ಧಾರವಾಡದಲ್ಲೇ ನಡೆಯುತ್ತದೆ ಎಂದಾಗ ಹೆಸರು ಕೊಟ್ಟುಬಿಟ್ಟೆ. ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳಿದರು, "ಟೈಮಿನೊಳಗ ಮುಗಿಸಿದ್ರ ಮುಂದುವರಸು. ಇಲ್ಲಾಂದ್ರ ಸೈಕಲ್ ಅಟ್ಟದ ಮ್ಯಾಲೆ, ನೀ ಬಿ.ಎಡ್. ಕ್ಲಾಸಿನ್ಯಾಗ."

ನನಗೆ ಸೈಕಲ್ಲೆಂದರೆ ಜೀವ. ಅದರ ಮೇಲಿದ್ದಾಗ ಯಾರೊಂದಿಗೂ ಮಾತಾಡಬೇಕಾಗಿರುವುದಿಲ್ಲ.

"ನಾ ಅದೇನಿ, ನೀ ಅಂಜಬ್ಯಾಡ" ಎಂದು ಕಾಕಾ ತಾವೇ ಕೋಚ್ ಆದರು. ಅವರಿಗೆ ಈಜು ಬರುತ್ತಿರಲಿಲ್ಲ, ಓಡಿದ್ದನ್ನು ಯಾರೂ ನೋಡಿರಲಿಲ್ಲ. ಮೊದಲ ದಿನವೇ ನನ್ನ ಎರಡೂ ಭುಜ ಹಿಡಿದು ಗಡಗಡ ಅಲ್ಲಾಡಿಸಿ, ಕಿವಿಗೊಟ್ಟು, ಅಪ್ಪನಿಗೆ ವರದಿ ಒಪ್ಪಿಸಿದರು: "ಇನ್ನೂ ಹಸಿ ಐತಿ. ಒಂದೀಟು ಬಿಸಲಾಗ ಹಾಕೂಣು."

ಬಸ್ಸು ನಿಂತಿತ್ತು

ಬಿಸಿಲಿಗೆ ಹಾಕಿದ್ದು ಹುಬ್ಬಳ್ಳಿ ರಸ್ತೆಯಲ್ಲಿ. ನಾನು ಮನೆಯಿಂದ ಓಡುತ್ತ ಅಮರಗೋಳ ಮುಟ್ಟಬೇಕು, ಕಾಕಾ ಅಲ್ಲಿ ಗಡಿಯಾರ ನೋಡುತ್ತ ನಿಂತಿರಬೇಕು. ಆದರೆ ಆಗ ನಮ್ಮ ಕಡೆ ಹುಡುಗಿಯೊಬ್ಬಳು ರಸ್ತೆಯಲ್ಲಿ ಓಡುತ್ತಿದ್ದಾಳೆಂದರೆ ಅರ್ಥ ಒಂದೇ, ಬಸ್ಸು ತಪ್ಪಿದೆ.

ಸ್ವಲ್ಪ ದೂರ ಹೋಗುವುದರೊಳಗೆ ಒಂದು ಬಸ್ಸು ನನ್ನನ್ನು ದಾಟಿ ಗಕ್ಕನೆ ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಕೂಗಿದರು, "ಲಗೂ ಬರ್ರಿ ಅಕ್ಕಾರ! ನಿಮ್ಮ ಸಲುವಾಗೇ ನಿಲ್ಲಿಸೇನಿ!"

ಕಿಟಕಿಗಳಿಂದ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಬ್ಬ ಅಜ್ಜ ಆಗಲೇ ಸರಿದು ಜಾಗ ಮಾಡಿದ್ದರು. ಇಷ್ಟು ಜನರ ಎದುರು 'ನಾನು ಸುಮ್ಮನೆ ಓಡುತ್ತಿದ್ದೇನೆ' ಎಂದು ಹೇಗೆ ಹೇಳುವುದು? ಹತ್ತಿದೆ. ಮುಂದಿನ ಸ್ಟಾಪಿನಲ್ಲಿ ಇಳಿದು ಮತ್ತೆ ಓಡಿದೆ. ಮತ್ತೊಂದು ಬಸ್ಸು ನಿಂತಿತು. ಅದನ್ನೂ ಹತ್ತಿದೆ.

ಅಮರಗೋಳದಲ್ಲಿ ಕಾಕಾ ನನ್ನನ್ನು ನೋಡಿದರು, ನಾನು ಇಳಿದ ಬಸ್ಸನ್ನು ನೋಡಿದರು, ಗಡಿಯಾರ ನೋಡಿದರು. "ಟೈಮಿಂಗ್ ಭಾಳ ಛಲೋ ಐತಿ" ಎಂದರು. "ಬರೂ ತಿಂಗಳಿಂದ ಪಾಸ್ ಮಾಡಿಸಿಬಿಡೂಣು."

ಮುಂದಿನ ತಲೆ

ಸ್ಪರ್ಧೆಯ ದಿನ ಮೊದಲು ಕೆರೆಯಲ್ಲಿ ಈಜು. ಚಷ್ಮಾ ತೆಗೆದರೆ ನನಗೆ ಲೋಕವೆಲ್ಲ ಹಿಟ್ಟು ಕಲಸಿದ ಹಾಗೆ. ದಾರಿ ಕಾಣದಿದ್ದರೆ ಮುಂದೆ ಈಜುವವರ ಕರೀ ಈಜುಟೋಪಿಯನ್ನು ನೋಡುತ್ತ ಹೋಗು ಎಂದು ಅನುಭವಸ್ಥರೊಬ್ಬರು ಹೇಳಿದ್ದರು. ಹಾಗೇ ಹೋದೆ. ಎದುರಿಗೆ ಒಂದು ಕರೀ ತಲೆ, ಏನು ನೆಮ್ಮದಿ, ಏನು ಶಾಂತಿ! ಅವಸರವಿಲ್ಲ, ಕೈಕಾಲಿನ ಸದ್ದಿಲ್ಲ. ಇಂಥವರಿಂದ ಕಲಿಯಬೇಕು ಅಂದುಕೊಂಡೆ. ದಂಡೆಯಲ್ಲಿ ಕಾಕಾ ಏನೋ ಒದರುತ್ತಿದ್ದರು. ಹುರಿದುಂಬಿಸುತ್ತಿದ್ದಾರೆಂದು ಇನ್ನೂ ಜೋರಾಗಿ ಈಜಿದೆ.

ಕಾಲಿಗೆ ನೆಲ ಸಿಕ್ಕಿತು. ತಲೆಯ ಹಿಂದೆ ಕೋಡು ಮೇಲೆದ್ದವು, ಆಮೇಲೆ ಇಡೀ ಎಮ್ಮೆ. ಅದು ಮೈ ಝಾಡಿಸಿಕೊಂಡು ದಂಡೆ ಹತ್ತಿತು. ಅಲ್ಲಿ ಕೂತಿದ್ದ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು, "ಯವ್ವಾ, ಇದು ನಂದು. ನಿಂದು ಯಾವುದು?"

ನಾನು ಇಂಗ್ಲಿಷಿನಲ್ಲಿ ಸಾರಿ ಎಂದೆ. ಮುದುಕಿಗೋ ಎಮ್ಮೆಗೋ, ಈಗ ನೆನಪಿಲ್ಲ.

ಕೇಳಬಾರದ್ದನ್ನು ಕೇಳಿದರು

ತಿರುಗಿ ನೀರಿಗಿಳಿದು, ಈಜು ಮುಗಿಸಿ, ಸೈಕಲ್ಲು ಇಟ್ಟಲ್ಲಿಗೆ ಓಡಿದೆ. ಅಲ್ಲಿ ನಮ್ಮ ಅಜ್ಜಿ ಚಾಪೆ ಹಾಸಿ, ರೊಟ್ಟಿ ಗಂಟು ಬಿಚ್ಚಿಕೊಂಡು ಕೂತಿದ್ದಳು. ಅದನ್ನು ಹೇಗೋ ದಾಟಿದೆ. ನಾನು ಚಷ್ಮಾ ಏರಿಸಿ ಪೆಡಲ್ ಮೇಲೆ ಕಾಲಿಡುವಾಗ, ಓಟದವರು ಯಾರು, ಸೈಕಲ್ಲಿನವರು ಯಾರು ಎಂದು ತಿಳಿಯದೆ ಗೊಂದಲಗೊಂಡಿದ್ದ ರೆಫ್ರಿ ಕೇಳಿಯೇಬಿಟ್ಟರು, "ಎಲ್ಲಿಗೆ ಹೊಂಟ್ರಿ?"

ಹೊರಟವರನ್ನು 'ಎಲ್ಲಿಗೆ' ಎಂದು ಕೇಳಿದರೆ ಹೋದ ಕೆಲಸ ಕೆಟ್ಟಿತು ಎಂಬುದು ನಮ್ಮ ಮನೆಯ ಸಂವಿಧಾನ. ಮರಳಿ ಬಂದು, ಕೂತು, ನೀರು ಕುಡಿದೇ ಹೊರಡಬೇಕು. ಅಜ್ಜಿ ಸೈಕಲ್ಲಿನ ಕ್ಯಾರಿಯರ್ ಗಟ್ಟಿಯಾಗಿ ಹಿಡಿದಳು. "ಇಳಿ. ಕೂಡು."

"ಅಜ್ಜೀ, ಟೈಮ್ ಹೊಂಟೈತಿ!"

"ಹೋಗ್ಲಿ. ಅದನ್ನ ಯಾರೂ ಎಲ್ಲಿಗೆ ಅಂತ ಕೇಳಿಲ್ಲ."

ಕೂತೆ, ನೀರು ಕುಡಿದೆ. ರೆಫ್ರಿ ಸೀಟಿ ಊದುತ್ತ ಬಂದರು. ಅಜ್ಜಿ ಅವರಿಗೂ ಚಾಪೆ ತೋರಿಸಿದಳು. "ನೀನೂ ಕೂಡಪ್ಪಾ. ಕೇಳಿದಾಂವ ನೀನ ಅಲ್ಲ?"

ನಾನು ಮುಗದ ಹಳ್ಳಿಯ ಕಡೆ ಸೈಕಲ್ಲು ಹೊಡೆಯುತ್ತ ತಿರುಗಿ ನೋಡಿದೆ. ರೆಫ್ರಿ ರೊಟ್ಟಿ ತಿನ್ನುತ್ತಿದ್ದರು.

ಕತ್ತರಿ

ಎಮ್ಮೆ, ಅಜ್ಜಿ ಇಬ್ಬರೂ ಸೇರಿ ನುಂಗಿದ ಹೊತ್ತು ಓಟದಲ್ಲಿ ಸಿಕ್ಕಲಿಲ್ಲ. ಎಲ್ಲರೂ ಮುಗಿಸಿಯಾಗಿತ್ತು, ಉಳಿದವಳು ನಾನೊಬ್ಬಳೇ. ಕೊನೆಯ ತಿರುವಿನಲ್ಲಿ ಕಾಕಾ ಪಕ್ಕದಲ್ಲಿ ಓಡುತ್ತ, ಏದುಸಿರು ಬಿಡುತ್ತ ಹೇಳಿದರು, "ಇನ್ನೂ ಟೈಮ್ ಐತಿ ಅವ್ವಿ, ನಿಲ್ಲಬ್ಯಾಡ! ಸೈಕಲ್ ಅಟ್ಟ ಹತ್ತಬಾರದು!"

ಆದರೆ ಮುಕ್ತಾಯದ ಗೆರೆಯ ಹತ್ತಿರ ಜನ ಗುಂಪುಗೂಡಿದ್ದರು. ಬೆಳಿಗ್ಗೆ ಬರಬೇಕಿದ್ದ ಮುಖ್ಯ ಅತಿಥಿ ಈಗಷ್ಟೇ ಬಂದಿದ್ದರು. ಗೆದ್ದವನು ಆಗಲೇ ಎದೆಯಿಂದ ಹರಿದುಹೋಗಿದ್ದ ರಿಬ್ಬನ್ನನ್ನು ಸಂಘಟಕರು ಗಂಟು ಹಾಕಿ ಮತ್ತೆ ಕಟ್ಟಿದ್ದರು. ಅದನ್ನು ನೋಡಿದ ಅತಿಥಿಗಳು ರೂಢಿಯಂತೆ ಕೈ ಚಾಚಿದ್ದರು, ಕತ್ತರಿಗಾಗಿ. ಕತ್ತರಿ ಇರಲಿಲ್ಲ. ದರ್ಜಿಯ ಅಂಗಡಿಗೆ ಯಾರೋ ಹೋಗಿದ್ದರು.

"ನಿಲ್ಲವಾ ತಂಗಿ" ಎಂದು ಒಬ್ಬರು ನನಗೆ ಕೈ ಅಡ್ಡ ಹಿಡಿದರು. "ಸಾಹೇಬ್ರು ಇನ್ನೂ ಉದ್ಘಾಟನಾ ಮಾಡಿಲ್ಲ."

ದೊಡ್ಡವರು ಅಡ್ಡ ನಿಂತಿದ್ದಾರೆ. ನಾನು ನಿಂತೇಬಿಟ್ಟೆ, ಗೆರೆಗೆ ಒಂದು ಹೆಜ್ಜೆ ಈಚೆ. ಅತಿಥಿಗಳು ಪ್ರೀತಿಯಿಂದ ನಕ್ಕು, "ಯಾವ ಸಾಲ್ಯಾಗ ಕಲೀತಿ?" ಎಂದರು. ಹೇಳಿದೆ. ಗಡಿಯಾರ ಹಿಡಿದವರು ಗಂಟಲು ಸರಿಮಾಡಿಕೊಂಡರು, "ಟೈಮ್ ಮುಗಿಯಾಕ ಬಂತ್ರಿ."

"ಅವ್ವೀ!" ಎಂದು ಕಾಕಾ ಒದರಿದ್ದು ಬಹುಶಃ ಹುಬ್ಬಳ್ಳಿಗೂ ಕೇಳಿರಬೇಕು.

ಅಂಥ ಧೈರ್ಯ ಎಲ್ಲಿಂದ ಬಂತೋ! "ಎಕ್ಸ್‌ಕ್ಯೂಸ್ ಮಿ ಸರ್" ಎಂದವಳೇ ಬಗ್ಗಿ, ರಿಬ್ಬನ್ನಿನ ಕೆಳಗಿಂದ ನುಸುಳಿ, ಆಚೆ ಬದಿ ಬಿದ್ದೆ. ಸೀಟಿ ಆಯಿತು. ಟೈಮಿನೊಳಗೆ! ಕಾಕಾ ಕುಣಿದರು. ಸೈಕಲ್ಲು ಉಳಿಯಿತು. ನಾನು ಎರಡೂ ಕಾಲು ಸೆಟೆದುಕೊಂಡು ರಸ್ತೆಯ ಮೇಲೆ ಅಂಗಾತ ಬಿದ್ದಿದ್ದೆ, ಒಂದು ಬೆರಳೂ ಅಲ್ಲಾಡುತ್ತಿರಲಿಲ್ಲ.

ಅಷ್ಟರಲ್ಲಿ ಕತ್ತರಿ ಬಂತು. ಅತಿಥಿಗಳು ಅದನ್ನು ಹಿಡಿದು ಮುಖ ಸರಿಮಾಡಿಕೊಂಡು ನಿಂತರು. ಫೋಟೋದವನು ನನ್ನ ಮೇಲೆ ಬಗ್ಗಿ, ಬಹಳ ಮರ್ಯಾದೆಯಿಂದ ಕೇಳಿದ:

"ಅಕ್ಕಾರ, ನಾ ಕ್ಯಾಮೆರಾಕ್ಕ ಹೊಸಾ ರೀಲ್ ಹಾಕಾಕತ್ತಿದ್ದೆ, ನೀವು ಬಂದದ್ದು ಸಿಗಲಿಲ್ಲ. ಕೆರಿಯಿಂದ ಬ್ಯಾಡ್ರಿ, ಆ ಬೇವಿನಗಿಡದಿಂದ ಸಾಕು. ಇನ್ನೊಮ್ಮೆ ಓಡಿ ಬರ್ತೀರೇನ್ರಿ?"