ಬೀಗರ ಮನೆಯ ಮಾನೊ

ಮನೆಗೆ ಹೊಸ ಸಂಬಂಧ ಬರುವಾಗ ನಗೆಪಾಟಲಾಗುವುದು ಯಾರಿಗೂ ತಪ್ಪಿದ್ದಲ್ಲ, ಬಾಟನಿಯಲ್ಲಿ ಎಂ.ಎಸ್ಸಿ. ಮಾಡಿದ ನನಗೂ ವಿನಾಯಿತಿ ಇಲ್ಲ. ನಮ್ಮ ಮನೆತನದ ನಾಮಕರಣ, ಮದುವೆಗಳನ್ನೆಲ್ಲ ಬರೆದಿಡುವವಳು ನಾನೇ ಆದ್ದರಿಂದ ಈ ಮೂರು ಪ್ರಸಂಗಗಳನ್ನೂ ಬರೆಯಬೇಕಾಯಿತು.

೧. ಜ್ವರ

ಮಗಳು ಮೆಚ್ಚಿದ ಫಿಲಿಪಿನೊ ಹುಡುಗ ಅಮೆರಿಕದ ಸ್ಯಾನ್ ಹೊಸೆ ಊರಿನ ನಮ್ಮ ಮನೆಗೆ ಮೊದಲ ಸಲ ಬಂದ. ನಾವು ಒಪ್ಪಿಯಾಗಿತ್ತು, ಅವನ ಅಜ್ಜಿ ಒಪ್ಪುವುದೊಂದು ಬಾಕಿ. ಹುಡುಗ ಬಾಗಿಲಲ್ಲೇ ಬಗ್ಗಿ, ನನ್ನ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡ.

"ಪಾಪ, ಜ್ವರ ಬಂದಿದೆಯೇನೋ, ನೋಡೇ," ಎಂದರು ನಮ್ಮವರು.

ನೋಡಿದೆ. ಹಣೆ, ಕತ್ತು ಎರಡೂ ಮುಟ್ಟಿ, "ಇಲ್ಲಪ್ಪ, ತಣ್ಣಗಿದ್ದೀಯ," ಎಂದೆ.

"ಅಮ್ಮಾ, ಅದು ಮಾನೊ! ಅವರ ನಮಸ್ಕಾರ! ಚಿಕ್ಕೋರು ದೊಡ್ಡೋರ ಕೈನ ಹಣೆಗೆ ಒತ್ಕೋತಾರೆ, ದೊಡ್ಡೋರು ಆಶೀರ್ವಾದ ಮಾಡ್ತಾರೆ, ಅಷ್ಟೇ!" ಎಂದಳು ಮಗಳು.

ಅಷ್ಟರಲ್ಲಿ ನಮ್ಮವರು ಕಷಾಯಕ್ಕೆ ಇಟ್ಟಾಗಿತ್ತು. ಹುಡುಗ ಒಳ್ಳೆಯವನು, ಲೋಟ ಪೂರ್ತಿ ಕುಡಿದ.

೨. ಕ್ಲಿನಿಕ್ಕು

ಮರ್ಯಾದೆ ಎಂಥವರಿಗೂ ಬೇಗ ರೂಢಿಯಾಗುತ್ತದೆ. ಒಮ್ಮೆ ಕ್ಲಿನಿಕ್ಕಿಗೆ ಹೋದಾಗ ನರ್ಸು ಫಿಲಿಪಿನೊ ಹುಡುಗಿ. ಹಿರಿಯಳಾದ ನಾನು ಕೈ ಚಾಚಿ, ಆಶೀರ್ವಾದವನ್ನೂ ಸಿದ್ಧಮಾಡಿಕೊಂಡು ನಿಂತೆ. ಅವಳು ನನ್ನ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ, "ಆಕ್ಸಿಜನ್ ಚೆನ್ನಾಗಿದೆ ಆಂಟಿ, ಇನ್ನು ಕೂತ್ಕೊಳ್ಳಿ," ಎಂದಳು.

೩. ಹಿರಿಯರು ಯಾರು?

ಕೊನೆಗೆ ಅಜ್ಜಿಯನ್ನು ಕಾಣಲು ಹತ್ತಿರದ ನೆವಾರ್ಕ್ ಊರಿನಲ್ಲಿರುವ ಹುಡುಗನ ಮನೆಗೆ ಹೊರಟೆವು. ಅಜ್ಜಿಗೆ ಅವರು ಲೋಲಾ ಎನ್ನುತ್ತಾರೆ. ಲೋಲಾ ಹೂಂ ಅನ್ನದೆ ಆ ಮನೆಯಲ್ಲಿ ಸೋಫಾ ಕೂಡ ಜಾಗ ಬದಲಿಸುವುದಿಲ್ಲವಂತೆ. "ಅಮ್ಮಾ, ಪ್ಲೀಸ್. ಮೊದಲು ಲೋಲಾಗೆ ಮಾನೊ ಮಾಡು. ಬೇರೆ ಏನೂ ಮಾಡ್ಬೇಡ," ಎಂದು ಮಗಳು ಫ್ರೀವೇ ಉದ್ದಕ್ಕೂ ಹೇಳುತ್ತಲೇ ಬಂದಳು.

ಬಾಗಿಲು ತೆರೆದಾಗ ಎದುರಿಗೆ ಬೆಳ್ಳಿಕೂದಲಿನ ಹೆಂಗಸು. ಬಗ್ಗಿ ಆಕೆಯ ಕೈಯನ್ನು ಭಕ್ತಿಯಿಂದ ಹಣೆಗೆ ಒತ್ತಿಕೊಂಡೆ.

"ನಾನು ಹುಡುಗನ ತಾಯಿ," ಎಂದರು ಆಕೆ. ಬೆಳ್ಳಿಬಣ್ಣ ಪಾರ್ಲರಿನದು! ಹಿಂದೆ ಕಡುಗಪ್ಪು ಕೂದಲು, ಕೆಂಪು ಲಿಪ್‌ಸ್ಟಿಕ್ಕಿನಲ್ಲಿ ಕುಳಿತಿದ್ದವರು ಲೋಲಾ.

ಬೀಗಿತ್ತಿಯನ್ನು ಮುದುಕಿ ಮಾಡಿಬಿಟ್ಟಿದ್ದೆ. ಆಕೆ ಸುಮ್ಮನಿರುತ್ತಾರೆಯೇ? ನನ್ನ ಕೈ ಕಿತ್ತುಕೊಂಡು ತಮ್ಮ ಹಣೆಗೆ ಒತ್ತಿಕೊಂಡರು.

"ಹಿರಿಯರು ನೀವು!"

"ಛೇ, ಛೇ, ನೀವೇ!" ಎಂದು ನಾನು ಅವರ ಕೈ ಎಳೆದೆ.

ಹೊಸ್ತಿಲಲ್ಲಿ ನಮ್ಮಿಬ್ಬರ ಕೈಗಳು ಮೊಸರು ಕಡೆದ ಹಾಗೆ ಹೋಗಿ ಬರತೊಡಗಿದವು. ನಾನು ಡ್ರೈವಿಂಗ್ ಲೈಸೆನ್ಸು ತೆಗೆದೆ. ಅವರೂ ತೆಗೆದರು. ಹುಟ್ಟಿದ ವರ್ಷ ಓದಲು ಇಬ್ಬರೂ ಕಾರ್ಡನ್ನು ಮಾರು ದೂರ ಹಿಡಿದು ಕಣ್ಣು ಕಿರಿದು ಮಾಡಿದೆವು. ಮಗಳು ಮೆಟ್ಟಿಲ ಮೇಲೆ ಕುಸಿದು, "ಮುಗೀತು ನನ್ನ ಮದುವೆ," ಎಂದಳು.

ಆಗ ಲೋಲಾ ಎದ್ದು ಬಂದರು. ಎರಡೂ ಕೈ ಚಾಚಿ, ನಮ್ಮಿಬ್ಬರ ಹಣೆಗೂ ಒಂದೊಂದನ್ನು ಟಪ್ ಎಂದು ಒತ್ತಿದರು. ಇಬ್ಬರೂ ಲೈಸೆನ್ಸು ಒಳಗಿಟ್ಟೆವು. ಆಮೇಲೆ ಹಿಂದೆ ನಿಂತಿದ್ದ ಮೊಮ್ಮಗನ ಕಡೆ ತಿರುಗಿ ಹೇಳಿದರು:

"ನಿಮ್ಮಮ್ಮನಿಗೆ ಸರಿಸಮ ನಿಲ್ಲೋರನ್ನ ಇಷ್ಟು ವರ್ಷ ಹುಡುಕ್ತಿದ್ದೆ. ಇವರನ್ನ ಮಾತ್ರ ಬಿಡಬೇಡ ಕಣೋ. ಅದಕ್ಕೆ ಇವರ ಮಗಳನ್ನ ಮದುವೆ ಆಗಬೇಕಾದ್ರೂ ಪರವಾಗಿಲ್ಲ!"